ಒಂಬತ್ತಕ್ಕೇ ಮಲಗುತ್ತಿದ್ದರು, ನಿದ್ದೆ ಮಾತ್ರ ಇರಲಿಲ್ಲ

ಇದು ನನ್ನ ಬಳಿ ಚಿಕಿತ್ಸೆಗೆ ಬಂದ ಒಬ್ಬರ ಕಥೆ; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನಿದ್ದೆ ಬಾರದ ಇದೇ ತೊಂದರೆ ಹೊತ್ತು ಮತ್ತೆ ಮತ್ತೆ ಜನ ಬರುತ್ತಾರೆ. ಹೆಚ್ಚಿನವರಿಗೆ ಮನೆಯಲ್ಲಿ ಸಿಕ್ಕಿರುವ ಬುದ್ಧಿಮಾತು ಒಂದೇ: "ಬೇಗ ಮಲಗು." ಆ ಮಾತು ಎಷ್ಟು ಹಾನಿ ಮಾಡುತ್ತದೆಂದು ಹೇಳಲೇಬೇಕು.

ಅವರು ಐವತ್ತರ ಆಸುಪಾಸಿನ ಉಪನ್ಯಾಸಕಿ. ಅತ್ತೆ ಹಾಸಿಗೆ ಹಿಡಿದಿದ್ದಾಗ ರಾತ್ರಿ ನಾಲ್ಕೈದು ಸಲ ಏಳಬೇಕಿತ್ತು. ಅತ್ತೆ ತೀರಿಕೊಂಡು ಎರಡು ವರ್ಷವಾದರೂ ಹೋದ ನಿದ್ದೆ ವಾಪಸ್ ಬರಲಿಲ್ಲ. ಬಿಸಿ ಹಾಲು, ಪಾದಕ್ಕೆ ಎಣ್ಣೆ, ಸಂಜೆ ಕಾಫಿ ಬಿಟ್ಟದ್ದು, ಮೊಬೈಲ್ ದೂರವಿಟ್ಟದ್ದು, ಎಲ್ಲವೂ ಆಗಿತ್ತು.

ಮೊದಲ ಭೇಟಿಯಲ್ಲಿ ಬೇರೆ ಕಾಯಿಲೆಗಳಿವೆಯೇ ಎಂದು ವಿಚಾರಿಸಿದೆ. ಜೋರು ಗೊರಕೆ, ನಡುವೆ ಉಸಿರು ಕಟ್ಟಿ ಗಕ್ಕನೆ ಎಳೆದುಕೊಳ್ಳುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಅದಕ್ಕೆ ನಿದ್ರಾ ಪರೀಕ್ಷೆ ಬೇಕು, ನನ್ನ ಮಾತು ಸಾಲದು. ಸಂಜೆಯಾದರೆ ಕಾಲೊಳಗೆ ಏನೋ ಹರಿದಾಡಿದಂತಾಗಿ, ಅಲ್ಲಾಡಿಸಿದರೆ ಮಾತ್ರ ಹಾಯೆನಿಸಿದರೆ ಕಬ್ಬಿಣಾಂಶ ಕಡಿಮೆಯಿದೆಯೇ ಎಂದು ವೈದ್ಯರ ಬಳಿ ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಇವರಿಗೆ ಎರಡೂ ಇರಲಿಲ್ಲ. ವಾರಕ್ಕೆ 3 ರಾತ್ರಿಯಾದರೂ, 3 ತಿಂಗಳಿಗೂ ಮೀರಿ ಕಾಡುವುದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತೇವೆ. ಇವರದು ಅದೇ.

ಎರಡನೇ ಭೇಟಿಗೆ ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಎರಡು ವಾರದ ಲೆಕ್ಕ ಬರೆದು ತಂದರು. ಮಲಗಿದ್ದು ರಾತ್ರಿ 9ಕ್ಕೆ, ಎದ್ದದ್ದು ಬೆಳಿಗ್ಗೆ 6ಕ್ಕೆ. ಹಾಸಿಗೆಯಲ್ಲಿ 9 ಗಂಟೆ, ನಿದ್ದೆ ಸರಾಸರಿ ಐದೂವರೆಗೆ ಸ್ವಲ್ಪ ಕಡಿಮೆ. ಅಂದರೆ ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆ ಶೇ 60 ಮಾತ್ರ. ಚೆನ್ನಾಗಿ ನಿದ್ರಿಸುವವರಲ್ಲಿ ಇದು ಶೇ 85 ದಾಟಿರುತ್ತದೆ. ನಾನು ಕೂಡಿ ಕಳೆಯುತ್ತಿದ್ದಾಗ ಅವರೇ ಹೇಳಿದರು:

"ಊಟ ಆದ್ಮೇಲೆ ಸೋಫಾದಲ್ಲಿ ಕೂತ್ರೆ ಕಣ್ಣು ಎಳೆಯತ್ತೆ ಮೇಡಂ. ಎದ್ದು ಹೋಗಿ ಮಂಚದಲ್ಲಿ ತಲೆ ಇಟ್ಟೆ ಅಂದ್ರೆ, ಯಾರೋ ಲೈಟ್ ಹಾಕಿದ ಹಾಗೆ ಎಚ್ಚರ."

ಇಡೀ ಪ್ರಕರಣ ಆ ಮಾತಿನಲ್ಲಿತ್ತು. ನಿದ್ದೆಯ ಶಕ್ತಿ ಅವರಲ್ಲಿ ಇನ್ನೂ ಇದೆ. ಆದರೆ ದಿನಾ ಮೂರೂವರೆ ಗಂಟೆ ಎಚ್ಚರವಾಗಿ ಹೊರಳಾಡಿ, ಮಂಚ ಎಂದರೆ ಚಿಂತೆಯ ಜಾಗ ಎಂದು ಮೈಮನಸ್ಸು ಕಲಿತುಬಿಟ್ಟಿವೆ. ಹಾಗೆ ಕಲಿತದ್ದನ್ನು ಬಿಸಿ ಹಾಲು ಮರೆಸದು.

ನಾನು ಹೇಳಿದ್ದು: ಬರುವ ನಿದ್ದೆ ಸುಮಾರು ಐದೂವರೆ ಗಂಟೆ, ಹಾಸಿಗೆಯಲ್ಲಿರುವುದೂ ಅಷ್ಟೇ ಹೊತ್ತು. ರಾತ್ರಿ 12ಕ್ಕೆ ಮೊದಲು ಹಾಸಿಗೆ ಮುಟ್ಟಬೇಡಿ, ಭಾನುವಾರವೂ 5:30ಕ್ಕೆ ಏಳಿ. ಹಗಲು ನಿದ್ದೆ, ಸೋಫಾದ ತೂಕಡಿಕೆ ಬೇಡ. ಗೋಡೆ ಗಡಿಯಾರ ಕೋಣೆಯಿಂದ ಹೊರಗೆ. ಸುಮಾರು 20 ನಿಮಿಷ ನಿದ್ದೆ ಹತ್ತದಿದ್ದರೆ ಎದ್ದು ಬಂದು ಮಂದ ಬೆಳಕಿನಲ್ಲಿ ಬೇಳೆ ಆರಿಸಿ, ಬಟ್ಟೆ ಮಡಚಿ; ಕಣ್ಣು ಎಳೆದಾಗಷ್ಟೇ ಮರಳಿ ಹೋಗಿ.

ಜೊತೆಗಿದ್ದ ಯಜಮಾನರಿಗೆ ಸಿಟ್ಟು ಬಂತು. "ನಿದ್ದೆ ಇಲ್ಲದವಳಿಗೆ ಇನ್ನೂ ಕಡಿಮೆ ಮಲಗು ಅಂತೀರಲ್ಲ?" ನ್ಯಾಯವಾದ ಪ್ರಶ್ನೆ. ನಿದ್ದೆ ಕಡಿಮೆ ಮಾಡುವುದಲ್ಲ, ಹಾಸಿಗೆಯಲ್ಲಿ ಎಚ್ಚರವಾಗಿರುವ ಹೊತ್ತನ್ನು ಕತ್ತರಿಸುವುದು ಎಂದೆ. ಎಷ್ಟು ಹೊತ್ತು ಎಚ್ಚರವಿರುತ್ತೇವೋ ಅಷ್ಟು ನಿದ್ದೆಯ ಒತ್ತಡ ಕಟ್ಟಿಕೊಳ್ಳುತ್ತದೆ. 9ಕ್ಕೇ ಮಲಗಿದರೆ ಅದು ಕಟ್ಟಿಕೊಳ್ಳುವ ಮೊದಲೇ ಪರೀಕ್ಷೆಗೆ ಕೂತಂತೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು, ಈ ಕ್ರಮವೂ ಸೇರಿದ ವರ್ತನಾ ಚಿಕಿತ್ಸೆಯನ್ನೇ (ಸಿಬಿಟಿ-ಐ) ಕೊಡಿ ಎಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ.

ಮೊದಲ ಎರಡು ವಾರ ಸ್ಕೂಟರ್ ಓಡಿಸಬೇಡಿ ಎಂದಿದ್ದೆ, ಏಕೆಂದರೆ ಹಗಲಲ್ಲಿ ಮಂಕು ಕವಿಯುತ್ತದೆ. ಮೂರನೇ ದಿನ ಫೋನ್ ಮಾಡಿ ಅತ್ತರು. ಬಹಳಷ್ಟು ಜನ ಬಿಟ್ಟುಬಿಡುವುದು ಇಲ್ಲೇ. ಇವರು ಬಿಡಲಿಲ್ಲ. ಎರಡನೇ ವಾರದ ಕೊನೆಗೆ ಐದೂವರೆ ಗಂಟೆಯಲ್ಲಿ 5 ಗಂಟೆ ನಿದ್ದೆ, ಶೇ 90 ದಾಟಿತು. ಆಗ ಮಲಗುವ ಹೊತ್ತು 15 ನಿಮಿಷ ಹಿಂದಕ್ಕೆ, 11:45ಕ್ಕೆ. ಹೀಗೆ ಏರಿಸುತ್ತ ಎಂಟನೇ ವಾರಕ್ಕೆ 10:45ಕ್ಕೆ ಬಂದರು. ನಿದ್ದೆ 6 ಗಂಟೆ.

ಮೂರ್ಛೆರೋಗ, ಬೈಪೋಲಾರ್ ಎಂಬ ಮನೋರೋಗ, ನಿದ್ದೆಯಲ್ಲಿ ನಡೆಯುವ ಅಭ್ಯಾಸ ಇರುವವರು, ಬಸ್ಸು ಲಾರಿ ಓಡಿಸುವವರು ಇದನ್ನು ತಾವಾಗಿ ಮಾಡಕೂಡದು. ಯಾರಿಗೂ ಹಾಸಿಗೆಯಲ್ಲಿರುವ ಹೊತ್ತನ್ನು 5 ಗಂಟೆಗಿಂತ ಕಡಿಮೆಗೆ ಇಳಿಸಬಾರದು. ನಿದ್ದೆಮಾತ್ರೆ ನುಂಗುತ್ತಿರುವವರು ಅದನ್ನು ದಿಢೀರನೆ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಲ್ಲೇ ಕೇಳಿ ಇಳಿಸಬೇಕು.

ಮೊನ್ನೆ ಮದುವೆ ಮನೆಯಿಂದ ಬಂದು ಎರಡು ರಾತ್ರಿ ನಿದ್ದೆಗೆಟ್ಟಿತು ಎಂದು ಕರೆ ಮಾಡಿದ್ದರು. ಇವತ್ತು ಬೇಗ ಮಲಗಲಾ ಎಂದು ಕೇಳಿದರು. ಬೇಡ, 10:45ಕ್ಕೇ ಮಲಗಿ, 5:30ಕ್ಕೇ ಏಳಿ ಎಂದೆ.