ಮೈಸೂರಿನ ಹಿತ್ತಲಿನಲ್ಲಿ ಕೊಳ ತೋಡಿಸಲು ಫೆಬ್ರವರಿ ಸರಿಯಾದ ಕಾಲವೇ? ಸೊಳ್ಳೆ, ಹಾವುಗಳ ಕಾಟ ಹೆಚ್ಚುವುದಿಲ್ಲವೇ?

ಮೈಸೂರಿನ ಹೊರವಲಯದ ಹೊಸ ಮನೆಯ ಹಿಂದೆ ಹಕ್ಕಿಗಳಿಗಾಗಿ ಒಂದು ಸಣ್ಣ ಕೊಳ ಮಾಡಿಸಬೇಕೆಂದಿದ್ದೀರಿ, ಆದರೆ ಈಗಲೇ ತೋಡಿಸುವುದೋ ಮಳೆಗಾಲ ಕಳೆಯುವವರೆಗೆ ಕಾಯುವುದೋ ಎಂದು ತಿಳಿಯುತ್ತಿಲ್ಲ, ಜೊತೆಗೆ ಸೊಳ್ಳೆ ಮತ್ತು ಹಾವಿನ ಹೆದರಿಕೆಯಿಂದ ಮನೆಯ ಹಿರಿಯರು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ನಾನೂ ಇದೇ ಊರಿನವನು. ನಮ್ಮ ಹಿತ್ತಲಿನಲ್ಲಿ ಅಂಥದೊಂದು ಕೊಳ ಹಲವು ವರ್ಷಗಳಿಂದ ಇದೆ. ಈಗಲೇ ತೋಡಿಸಿ ಎಂಬುದು ನನ್ನ ಉತ್ತರ. ಆದರೆ ಕೊಳದ ಆಳ, ಅಗಲ, ಕಾರಂಜಿ, ತಾವರೆಗಳ ಬಗ್ಗೆ ನೀವು ಮಾಡುತ್ತಿರುವ ಯೋಚನೆಯ ಬಹುಪಾಲನ್ನು ಅದರ ಅಂಚಿನ ಕಡೆಗೆ ತಿರುಗಿಸಬೇಕೆಂದು ಮೊದಲೇ ಹೇಳಿಬಿಡುತ್ತೇನೆ.

ಹಿತ್ತಲ ಕೊಳದ ಬಗ್ಗೆ ಅಂತರಜಾಲದಲ್ಲಿ ಸಿಗುವ ವಿಡಿಯೋಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನವು. ಅಲ್ಲಿ ವಸಂತವೆಂದರೆ ಚಳಿ ಬಿಟ್ಟು, ನೀರಿನ ಮೇಲಿನ ಮಂಜುಗಡ್ಡೆ ಕರಗಿ, ಕಪ್ಪೆಗಳು ಬಂದು ಲೋಳೆಯಂಥ ಮೊಟ್ಟೆಗಳ ರಾಶಿ ಹಾಕುವ ಕಾಲ. ನಮ್ಮಲ್ಲಿ ಫಾಲ್ಗುಣ ಮಾಸದಲ್ಲಿ ಕಪ್ಪೆಯ ಮೊಟ್ಟೆಯನ್ನು ನಿರೀಕ್ಷಿಸಿದರೆ ನಿರಾಶೆಯೇ ಗತಿ. ಜನವರಿ, ಫೆಬ್ರವರಿಗಳಲ್ಲಿ ಇಲ್ಲಿ ಮಳೆಯೆಂಬುದು ಹೆಚ್ಚುಕಡಿಮೆ ಇಲ್ಲ. ಮುತ್ತುಗ ಮತ್ತು ಹಾಲವಾಣಗಳು ಎಲೆ ಉದುರಿಸಿ ಹೂ ಬಿಡುವ ಹೊತ್ತಿಗೆ ಹಳ್ಳಕೊಳ್ಳಗಳು ಒಣಗಿ ನೆಲ ಬಿರುಕು ಬಿಟ್ಟಿರುತ್ತದೆ. ಮರಗಳಲ್ಲಿ ಹೂವು, ಚಿಗುರು, ಹುಳುಗಳಿಗೆ ಕೊರತೆಯಿಲ್ಲದಿದ್ದರೂ ಕುಡಿಯಲು ನೀರಿಗೆ ಕೊರತೆ. ಹೀಗಾಗಿ ನಮ್ಮ ವಸಂತದ ಕೊಳಕ್ಕೆ ಬರುವ ಅತಿಥಿಗಳಲ್ಲಿ ಬಹುತೇಕರು ಅದರಲ್ಲಿ ವಾಸಿಸಲು ಬರುವವರಲ್ಲ. ಕುಡಿಯಲು, ಮೀಯಲು, ಒಂದಿಷ್ಟು ಕೆಸರು ಒಯ್ಯಲು ಬರುವವರು. ಈ ಮೂರೂ ಕೆಲಸ ನಡೆಯುವುದು ಒಂದೆರಡು ಅಂಗುಲ ನೀರಿರುವ ಅಂಚಿನಲ್ಲಿ, ಎರಡು ಅಡಿ ಆಳದಲ್ಲಲ್ಲ.

ಆದ್ದರಿಂದ ಕೊಳದ ಕನಿಷ್ಠ ಒಂದು ಬದಿಯಾದರೂ, ಸಾಧ್ಯವಾದರೆ ಎರಡು ಬದಿಗಳು, ನೆಲದಿಂದ ನೀರಿನೊಳಕ್ಕೆ ನಿಧಾನವಾಗಿ ಇಳಿಯುವಂತಿರಲಿ. ನಡುವೆ ಒಂದೂವರೆ–ಎರಡು ಅಡಿ ಆಳ ಸಾಕು. ಇಳಿಜಾರಿನ ಮೇಲೆ ಮರಳು ಮತ್ತು ನುಣುಪಾದ ಬೆಣಚುಕಲ್ಲುಗಳನ್ನು ಹರಡಿ, ಕೆಲವು ಕಲ್ಲುಗಳ ನೆತ್ತಿ ನೀರಿನಿಂದ ಮೇಲೆ ಉಳಿಯುವಂತೆ ನೋಡಿಕೊಳ್ಳಿ. ಗುತ್ತಿಗೆದಾರರು ಸಾಮಾನ್ಯವಾಗಿ ಸಿಮೆಂಟಿನ ನೆಟ್ಟಗಿನ ಗೋಡೆ ಎಬ್ಬಿಸಿ, ಮೇಲೆ ಗ್ರಾನೈಟ್ ಪಟ್ಟಿ ಕೂಡಿಸಿ, ಒಳಗೆ ನೀಲಿ ಟೈಲ್ಸ್ ಹಾಕಿಕೊಡುತ್ತಾರೆ. ಅದು ತೊಟ್ಟಿಯಾಗುತ್ತದೆಯೇ ಹೊರತು ಕೊಳವಾಗುವುದಿಲ್ಲ. ಅಂಥದಕ್ಕೆ ಬಿದ್ದ ಅಳಿಲು ಹತ್ತಿ ಬರಲಾರದು. ಹೊಲಗಳ ಕೃಷಿ ಹೊಂಡಗಳಲ್ಲಿ ನುಣುಪಾದ ಪ್ಲಾಸ್ಟಿಕ್ ಹಾಳೆಯ ಕಡಿದಾದ ಬದಿಗಳಿಂದ ಮೇಲೇರಲಾಗದೆ ಪ್ರಾಣಿಗಳು, ಎಷ್ಟೋ ಸಲ ಮನುಷ್ಯರೂ, ಮುಳುಗಿ ಸಾಯುವ ಸುದ್ದಿಯನ್ನು ನೀವು ಓದಿರುತ್ತೀರಿ. ಅದೇ ಹಾಳೆಯನ್ನು ನೀವು ಧಾರಾಳವಾಗಿ ಬಳಸಬಹುದು, ಆದರೆ ಇಳಿಜಾರಿನಲ್ಲಿ ಅದು ಕಣ್ಣಿಗೆ ಕಾಣದಂತೆ ಮಣ್ಣು ಮತ್ತು ಕಲ್ಲುಗಳಿಂದ ಮುಚ್ಚಿರಬೇಕು. ಮನೆಯಲ್ಲಿ ಐದಾರು ವರ್ಷದೊಳಗಿನ ಮಕ್ಕಳಿದ್ದರೆ ಮಿಕ್ಕ ಎಲ್ಲದಕ್ಕಿಂತ ಮೊದಲು ಬೇಲಿಯಾಗಲಿ, ಇಲ್ಲವೇ ನೀರಿನ ಮಟ್ಟದಲ್ಲಿ ಗಟ್ಟಿ ಕಬ್ಬಿಣದ ಜಾಲರಿ ಕೂಡಿಸಿ. ಸಣ್ಣ ಮಕ್ಕಳ ವಿಷಯದಲ್ಲಿ ಅರ್ಧ ಅಡಿ ನೀರೂ ಅಪಾಯವೇ.

ಇನ್ನು ಬರುವವರ ಮಾತು. ಬಿಸಿಲು ಏರುತ್ತಿದ್ದಂತೆ ಮೊದಲು ಹಾಜರಾಗುವುದು ತುಡುವೆ ಜೇನು. ಒದ್ದೆ ಕಲ್ಲಿನ ಮೇಲೆ ತಲೆ ತಗ್ಗಿಸಿ ಕುಳಿತ ನೊಣವನ್ನು ಹತ್ತಿರದಿಂದ ನೋಡಿದರೆ, ನಾಲಿಗೆಯನ್ನು ಕಲ್ಲಿಗೂ ನೀರಿಗೂ ನಡುವಿನ ತೆಳುವಾದ ಪಸೆಗೆ ಚಾಚಿ ಹೀರುತ್ತಿರುವುದು ಕಾಣುತ್ತದೆ. ಹೊಟ್ಟೆಯ ಪಟ್ಟಿಗಳು ಪಂಪಿನಂತೆ ಒಂದೇ ಸಮನೆ ಹಿಗ್ಗಿ ಕುಗ್ಗುತ್ತಿರುತ್ತವೆ. ತೆರೆದ ನೀರಿಗೆ ಇಳಿದರೆ ಅದು ಮುಳುಗಿಹೋಗುತ್ತದೆ, ಆದ್ದರಿಂದ ಕಲ್ಲೇ ಬೇಕು. ಹೀಗೆ ಒಯ್ದ ನೀರನ್ನು ಗೂಡಿನೊಳಗೆ ಹನಿಹನಿಯಾಗಿ ಹರಡಿ, ರೆಕ್ಕೆ ಬೀಸಿ ಆವಿ ಮಾಡಿ, ಬೇಸಿಗೆಯಲ್ಲಿ ತಟ್ಟಿಗಳನ್ನು ತಂಪಾಗಿ ಇಟ್ಟುಕೊಳ್ಳುತ್ತದೆ. ಅದರ ಪಕ್ಕದಲ್ಲೇ ಕುಂಬಾರ ಕಣಜ ಹದವಾದ ಕೆಸರಿನ ಉಂಡೆ ಕಟ್ಟುತ್ತಿರುತ್ತದೆ, ಆ ಮಣ್ಣಿನ ಗೂಡು ಮರುದಿನ ನಿಮ್ಮ ಕಿಟಕಿಯ ಮೂಲೆಯಲ್ಲಿ ಕಂಡರೆ ಆಶ್ಚರ್ಯಪಡಬೇಡಿ. ಚಿಟ್ಟೆಗಳಿಗೆ ಬೇಕಾದದ್ದು ನೀರಿಗಿಂತ ಹೆಚ್ಚಾಗಿ ಕೆಸರಿನಲ್ಲಿರುವ ಲವಣ. ಗುಂಪುಗೂಡಿ ಕುಳಿತು ಹೀರುವವು ಹೆಚ್ಚಾಗಿ ಗಂಡುಗಳೇ.

ಹಕ್ಕಿಗಳ ಸ್ನಾನಕ್ಕೆ ಬೆಳಗಿನ ಹತ್ತು ಗಂಟೆಯ ಹೊತ್ತು ಮತ್ತು ಸಂಜೆಯ ನಾಲ್ಕರಿಂದ ಕತ್ತಲಾಗುವವರೆಗಿನ ಹೊತ್ತು ಒಳ್ಳೆಯದು. ಪಿಕಳಾರಗಳು ಜೋಡಿಯಾಗಿಯೂ, ಹರಟೆಮಲ್ಲಗಳು ಗಲಾಟೆಯೆಬ್ಬಿಸುತ್ತ ಹಿಂಡಾಗಿಯೂ ಬರುತ್ತವೆ. ಚಳಿಗಾಲವಿಡೀ ಹೆಚ್ಚು ಸದ್ದು ಮಾಡದಿದ್ದ ಮಡಿವಾಳ ಹಕ್ಕಿ ಈ ತಿಂಗಳುಗಳಲ್ಲಿ ಬೆಳಗಿನ ಜಾವಕ್ಕೇ ಎತ್ತರದ ಕೊಂಬೆಯಲ್ಲಿ ಕುಳಿತು ಹಾಡಲಾರಂಭಿಸಿ, ಮಧ್ಯಾಹ್ನ ಕೊಳದಂಚಿನಲ್ಲಿ ಬಾಲ ಎತ್ತಿ ಹುಳು ಹುಡುಕುತ್ತದೆ. ಸೂರಕ್ಕಿ ನೀರಿಗೆ ಇಳಿಯುವುದು ಅಪರೂಪ. ಪೈಪಿನಿಂದ ಬಾಳೆಯೆಲೆಗೆ ನೀರು ಚಿಮುಕಿಸಿದರೆ ಆ ಒದ್ದೆ ಎಲೆಯ ಮೇಲೆಯೇ ಹೊರಳಾಡಿ ಮಿಂದುಬಿಡುತ್ತದೆ. ಉದ್ದನೆಯ ಬಿಳಿ ಬಾಲದ ರಾಜಹಕ್ಕಿ ಬಂದರೆ ಅದು ನೀರಿನ ಮೇಲೆ ಬಾಗಿದ ಕೊಂಬೆಯಿಂದ ಒಂದೇ ಸಲ ಧುಮುಕಿ ಮತ್ತೆ ಕೊಂಬೆಗೆ ಮರಳುತ್ತದೆ, ಹೀಗೆ ಹಲವು ಬಾರಿ. ಅದಕ್ಕಾಗಿ ಅಂಥದೊಂದು ಕೊಂಬೆ ಇರಲಿ, ಇಲ್ಲದಿದ್ದರೆ ಒಣಗಿದ ರೆಂಬೆಯೊಂದನ್ನು ನೆಟ್ಟರೂ ಆಗುತ್ತದೆ. ಬೆಕ್ಕು ಅಡಗುವಂಥ ದಟ್ಟ ಪೊದೆ ಮಾತ್ರ ಆಳವಿಲ್ಲದ ಅಂಚಿನಿಂದ ಐದಾರು ಅಡಿ ದೂರವಿರಬೇಕು. ಕತ್ತಲಾಗುವ ಹೊತ್ತಿಗೆ ಕೀಟ ತಿನ್ನುವ ಸಣ್ಣ ಬಾವಲಿಗಳು ಹಾರುತ್ತಲೇ ನೀರಿಗೆ ಬಾಯಿ ತಾಗಿಸಿ ಕುಡಿಯುತ್ತವೆ. ಅವುಗಳಿಗೆ ಅಡೆತಡೆಯಿಲ್ಲದ ನೀರಿನ ಬಯಲು ಬೇಕಾಗಿರುವುದರಿಂದ ನೈದಿಲೆಯ ಎಲೆಗಳು ಅರ್ಧ ಕೊಳಕ್ಕಿಂತ ಹೆಚ್ಚು ಮುಚ್ಚದಂತೆ ಕತ್ತರಿಸುತ್ತಿರಿ.

ಇವರಲ್ಲಿ ಕೆಲವರು ಹೊರಡುವ ಸಿದ್ಧತೆಯಲ್ಲಿರುವ ಚಳಿಗಾಲದ ವಲಸಿಗರು. ರಾಜಹಕ್ಕಿ ಮಾತ್ರವಲ್ಲ, ಹಳದಿ ಹೊಟ್ಟೆಯ ಬೂದು ಕುಂಡೆಕುಸ್ಕ ಮತ್ತು ನವರಂಗಗಳೂ ಮಾರ್ಚ್–ಏಪ್ರಿಲ್ ವೇಳೆಗೆ ಉತ್ತರದ ಹಾದಿ ಹಿಡಿಯುತ್ತವೆ. ನವರಂಗವನ್ನು ನೋಡಬೇಕೆಂಬ ಆಸೆ ನಿಮಗಿದ್ದರೆ ಕೊಳಕ್ಕಿಂತಲೂ ತರಗೆಲೆ ಮುಖ್ಯ. ಅದು ನೆಲದ ಮೇಲೆ ಕುಪ್ಪಳಿಸುತ್ತ, ಎಲೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಮಗುಚಿ ಅಡಿಯ ಹುಳುಗಳನ್ನು ತಿನ್ನುವ ಹಕ್ಕಿ. ಈ ಕಾಲದಲ್ಲಿ ನಮ್ಮ ಬಡಾವಣೆಗಳಲ್ಲಿ ಉದುರಿದ ಎಲೆಯನ್ನೆಲ್ಲ ದಿನವೂ ಗುಡಿಸಿ ಬೆಂಕಿ ಹಚ್ಚುವ ಚಟವಿದೆ, ಅದರಿಂದ ಹೊಗೆಯಲ್ಲದೆ ಬೇರೇನೂ ಲಾಭವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಹಿತ್ತಲಿನ ಒಂದು ಮೂಲೆಯಲ್ಲಾದರೂ ಎಲೆ ಹಾಗೆಯೇ ಇರಲಿ.

ಇಲ್ಲಿ ಹಾವಿನ ಪ್ರಶ್ನೆ ಬರುತ್ತದೆ, ಹಿರಿಯರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಕೊಳದಲ್ಲಿ ಕಪ್ಪೆ ಸೇರಿದ ಮೇಲೆ ನೀರೊಳ್ಳೆ ಹಾವು ಬಂದೇ ಬರುತ್ತದೆ. ಅದು ಮುಟ್ಟಿದರೆ ಕಚ್ಚುವ ಸ್ವಭಾವದ್ದಾದರೂ ಅದರಿಂದ ವಿಷದ ಅಪಾಯವಿಲ್ಲ. ನಾಗರಹಾವು, ಕೊಳಕುಮಂಡಲಗಳನ್ನು ಹಿತ್ತಲಿಗೆ ಸೆಳೆಯುವುದು ಕೊಳಕ್ಕಿಂತ ಹೆಚ್ಚಾಗಿ ಇಲಿಗಳು, ಇಲಿಗಳನ್ನು ಸೆಳೆಯುವುದು ಚೆಲ್ಲಿದ ಕಾಳು, ಕಸ, ಸೌದೆ ಮತ್ತು ಇಟ್ಟಿಗೆಯ ರಾಶಿ. ಹಕ್ಕಿಗಳಿಗೆಂದು ಅಕ್ಕಿ, ನವಣೆ ಎರಚುವ ಅಭ್ಯಾಸವಿದ್ದರೆ ಬಿಡಿ, ನೀರೊಂದೇ ಸಾಕು. ಕೊಳಕುಮಂಡಲ ತರಗೆಲೆಯ ಬಣ್ಣದಲ್ಲಿ ಬೆರೆತು ಕದಲದೆ ಮಲಗುವ ಹಾವಾದ್ದರಿಂದ, ಮೇಲೆ ಹೇಳಿದ ಎಲೆಯ ಮೂಲೆಯು ನೀವು ಓಡಾಡುವ ದಾರಿಯಿಂದ, ಬಟ್ಟೆ ಒಗೆಯುವ ಕಲ್ಲಿನಿಂದ ದೂರದಲ್ಲಿರಬೇಕು, ಕೊಳದವರೆಗಿನ ದಾರಿ ಮೂರು ಅಡಿ ಅಗಲಕ್ಕೆ ಬರಿ ನೆಲವಾಗಿರಬೇಕು, ರಾತ್ರಿ ಟಾರ್ಚ್ ಇಲ್ಲದೆ ಅಲ್ಲಿಗೆ ಹೋಗಬಾರದು. ಯಾವ ಹಾವು ಕಂಡರೂ ಕೊಲ್ಲಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತು ಹಾಗಿರಲಿ, ಕಡಿತಗಳಲ್ಲಿ ಹಲವು ಆಗುವುದೇ ಹಾವನ್ನು ಕೊಲ್ಲಲೋ ಹಿಡಿಯಲೋ ಹೋದಾಗ. ಅದೇ ಕಾಯ್ದೆಯ ಕಾರಣದಿಂದ ಯಾರಾದರೂ ನಾಡಿನ ಆಮೆ ತಂದುಕೊಡುತ್ತೇನೆಂದರೆ ಬೇಡವೆನ್ನಿ.

ಸೊಳ್ಳೆಯ ವಿಷಯ ಇಷ್ಟು ತೊಡಕಿನದಲ್ಲ. ಡೆಂಗಿ ಹರಡುವ ಸೊಳ್ಳೆಗೆ ಡ್ರಮ್ಮು, ಕುಂಡದಡಿಯ ತಟ್ಟೆ, ಹಳೆಯ ಟೈರುಗಳಂಥ ಜಾಗಗಳೇ ಪ್ರಿಯ. ಅದು ಪಾತ್ರೆಯ ಗೋಡೆಗೆ ನೀರಿನ ಮಟ್ಟದ ತುಸು ಮೇಲೆ ಅಂಟಿಸುವ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದು ನೀರು ತಾಗಿದೊಡನೆ ಒಡೆಯಬಲ್ಲವು. ಜೀವಿಗಳಿಂದ ತುಂಬಿದ ಕೊಳದಲ್ಲಿ ಸೊಳ್ಳೆಯ ಮರಿಗಳಿಗೆ ಉಳಿಗಾಲವಿಲ್ಲ. ಕಷ್ಟವಿರುವುದು ಹೊಸ ಕೊಳದ ಮೊದಲ ಕೆಲವು ವಾರಗಳಲ್ಲಿ: ಈ ಸೆಖೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬರಲು ಎಂಟು–ಹತ್ತು ದಿನ ಸಾಕು, ಬೇಟೆಗಾರರಾದರೋ ಇನ್ನೂ ಬಂದಿರುವುದಿಲ್ಲ. ಆಗ ವಾರಕ್ಕೊಮ್ಮೆ ಸಣ್ಣ ಬಲೆಯಿಂದ ಮರಿಗಳನ್ನು ತೆಗೆಯಿರಿ, ಹೆಚ್ಚಿದ್ದರೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಹಾಕಿ. ಅದು ಸೊಳ್ಳೆ ಮತ್ತು ಅದರ ಹತ್ತಿರದ ಸಂಬಂಧಿಗಳ ಮರಿಗಳನ್ನಷ್ಟೇ ಕೊಲ್ಲುತ್ತದೆ. ಅಷ್ಟರಲ್ಲಿ ನೀರುತಿಗಣೆಗಳು ರಾತ್ರಿ ಹಾರಿ ಬಂದು ನೀರಿಗಿಳಿಯುತ್ತವೆ, ಏರೋಪ್ಲೇನ್ ಚಿಟ್ಟೆಗಳು ಬಾಲದ ತುದಿಯನ್ನು ನೀರಿಗೆ ತಾಗಿಸಿ ಮೊಟ್ಟೆ ಉದುರಿಸುತ್ತವೆ. ಅವುಗಳ ಮರಿಗಳು ಸೊಳ್ಳೆಮರಿಗಳ ಕಡುವೈರಿಗಳು. ಬೆಳಿಗ್ಗೆ ಬಜೆಯ ಎಲೆಯೊಂದನ್ನು ಗಮನಿಸಿದರೆ, ಬೆನ್ನು ಸೀಳಿದ, ಆರು ಕಾಲುಗಳಿಂದಲೂ ಎಲೆಯನ್ನು ಬಿಗಿಯಾಗಿ ಹಿಡಿದ ಕಂದು ಪೊರೆಯೊಂದು ಅಂಟಿಕೊಂಡಿರುವುದು ಕಾಣಬಹುದು. ಸೀಳಿನ ಒಳಗಿನಿಂದ ಬಿಳಿಯ ದಾರದಂಥ ಎಳೆಗಳು ಹೊರಬಂದಿರುತ್ತವೆ, ಅವು ಹಳೆಯ ಶ್ವಾಸನಾಳಗಳ ಒಳಪದರ. ರಾತ್ರಿ ಮೇಲೇರಿದ ಮರಿಯೊಂದು ರೆಕ್ಕೆ ಪಡೆದು ಹೋಗಿರುವುದಕ್ಕೆ ಅದು ಗುರುತು. ಸೊಳ್ಳೆಗೆಂದು ಹಂಚುವ ಗಂಬೂಸಿಯಾ ಮೀನನ್ನು ದಯವಿಟ್ಟು ಬಿಡಬೇಡಿ. ಉತ್ತರ ಅಮೆರಿಕ ಮೂಲದ ಆ ಮೀನು ಗೊದಮೊಟ್ಟೆಗಳನ್ನೂ ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೂ ಉಳಿಸುವುದಿಲ್ಲ.

ಬಿಸಿಲಿಗೆ ದಿನಕ್ಕೆ ಐದಾರು ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಲೆಕ್ಕ ಹಾಕಿದರೆ, ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಕೊಳಕ್ಕೆ ದಿನವೂ ಸುಮಾರು ಎರಡು ಕೊಡ ನೀರು ಬೇಕು. ನಲ್ಲಿಯ ನೀರಾದರೆ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಹಾಕಿ. ಮಾರ್ಚ್‌ನಲ್ಲಿ ನೀರು ಹಸಿರಾದರೆ ಗಾಬರಿಯಿಂದ ಪೂರ್ತಿ ಖಾಲಿ ಮಾಡಿ ಉಜ್ಜಬೇಡಿ, ಒಳಗಿನ ಜೀವಗಳೆಲ್ಲ ಚರಂಡಿ ಸೇರುತ್ತವೆ. ನೆರಳು ಹೆಚ್ಚಿಸಿದರೆ ತಾನಾಗಿ ತಿಳಿಯಾಗುತ್ತದೆ. ಅಂಚಿಗೆ ಬಜೆ, ಒಂದೆಲಗ, ನೀರುಬ್ರಾಹ್ಮಿ ಚೆನ್ನಾಗಿ ಹೊಂದುತ್ತವೆ. ಜೊಂಡು ಮಾತ್ರ ಬೇಡ, ಅದರ ಬೇರು ಹಾಳೆಯನ್ನೇ ತೂತು ಮಾಡಬಲ್ಲದು.

ಈಗ ತೋಡಿಸಿದರೆ ಏಪ್ರಿಲ್‌ಗೆ ಮುನ್ನ ವಲಸೆ ಹಕ್ಕಿಗಳಲ್ಲಿ ಕೆಲವನ್ನಾದರೂ ಕಾಣುವಿರಿ, ನೆಲವೂ ಒಣಗಿರುವುದರಿಂದ ಕೆಲಸ ಸಲೀಸು. ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಮಳೆ ಬೀಳುವ ಹೊತ್ತಿಗೆ ಕೊಳ ಹದಕ್ಕೆ ಬಂದಿರುತ್ತದೆ, ಕಪ್ಪೆಗಳು ಅಕ್ಕಪಕ್ಕದಿಂದ ತಾವೇ ಬರುತ್ತವೆ. ಅವನ್ನಾಗಲಿ ಕೊಳಕ್ಕೆ ನೀರನ್ನಾಗಲಿ ಕುಕ್ಕರಹಳ್ಳಿ ಕೆರೆಯಿಂದಲೋ ಬೇರೆ ಕೆರೆಯಿಂದಲೋ ಹೊತ್ತು ತರಬೇಡಿ, ಜೊತೆಗೆ ನೀರಿನ ಮೇಲೆ ತೇಲಿ ಹಬ್ಬುವ ಅಂತರಗಂಗೆ ಕಳೆಯ ತುಂಡೊಂದು ಬಂದರೂ ಕೊಳ ಮುಚ್ಚಿಹೋಗುತ್ತದೆ. ತೋಡಿಸುವಾಗಲೇ ತುಂಬಿ ಹರಿಯುವ ನೀರಿಗೆ ಒಂದು ಬದಿಯಲ್ಲಿ ದಾರಿ ಬಿಡಿಸಿ, ಅದು ಮನೆಯ ಅಡಿಪಾಯದ ಕಡೆಗಲ್ಲದೆ ತೆಂಗಿನ ಅಥವಾ ಬಾಳೆಯ ಪಾತಿಗೆ ಹೋಗುವಂತೆ ನೋಡಿಕೊಳ್ಳಿ.