ಇಳಿಸಬೇಕಾದದ್ದು ಕಡ್ಡಾಯ ಶಿಕ್ಷಣದ ವಯಸ್ಸು, ಒಂದನೇ ತರಗತಿಯದ್ದಲ್ಲ

ಪ್ರಶ್ನೆ: ನನ್ನ ಮಗಳು ಯುಕೆಜಿ ಮುಗಿಸಿದ್ದಾಳೆ. ಆಗಸ್ಟ್‌ನಲ್ಲಿ ಹುಟ್ಟಿದವಳಾದ್ದರಿಂದ ಜೂನ್ 1ಕ್ಕೆ ಆರು ವರ್ಷ ತುಂಬುವುದಿಲ್ಲವೆಂದು ಒಂದನೇ ತರಗತಿಗೆ ಸೇರಿಸಿಕೊಳ್ಳಲು ಶಾಲೆಯವರು ಹಿಂದೆಮುಂದೆ ನೋಡುತ್ತಿದ್ದಾರೆ. ಫ್ರಾನ್ಸ್‌ನಂಥ ದೇಶ ಕಡ್ಡಾಯ ಶಿಕ್ಷಣದ ವಯಸ್ಸನ್ನು ಮೂರಕ್ಕೆ ಇಳಿಸಿರುವಾಗ ನಾವು ಮಾತ್ರ ಆರಕ್ಕೇ ಅಂಟಿಕೊಂಡಿರುವುದೇಕೆ?
– ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಯಸ್ಸುಗಳು ಬೆರೆತುಹೋಗಿವೆ. ಒಂದನೇ ತರಗತಿಗೆ ಸೇರಲು ಬೇಕಾದ ಕನಿಷ್ಠ ವಯಸ್ಸು ಒಂದು, ಮಗುವಿನ ಶಿಕ್ಷಣ ಕಡ್ಡಾಯವಾಗಿ ಆರಂಭವಾಗಬೇಕಾದ ವಯಸ್ಸು ಇನ್ನೊಂದು. ನಮ್ಮಲ್ಲಿ ಎರಡೂ ಆರೇ ಆಗಿರುವುದರಿಂದ ಈ ಗೊಂದಲ ಸಹಜವಾದದ್ದು. ಫ್ರಾನ್ಸ್ 2019ರಲ್ಲಿ ಆರರಿಂದ ಮೂರಕ್ಕೆ ಇಳಿಸಿದ್ದು ಎರಡನೆಯದನ್ನು ಮಾತ್ರ. ಪ್ರಾಥಮಿಕ ಶಾಲೆಯ ಮೊದಲ ತರಗತಿಗೆ ಅಲ್ಲಿನ ಮಗು ಈಗಲೂ ಆರು ತುಂಬುವ ವರ್ಷದಲ್ಲೇ ಸೇರುತ್ತದೆ. ಅದಕ್ಕೆ ಮೊದಲಿನ ಮೂರು ವರ್ಷ ಆಟ, ಮಾತು, ಹಾಡು, ಚಿತ್ರಗಳ ಶಿಶುಶಾಲೆ. ಅತಿ ಚಿಕ್ಕವರನ್ನು ಮಧ್ಯಾಹ್ನ ಮನೆಯಲ್ಲೇ ಮಲಗಿಸಬೇಕೆನಿಸಿದರೆ ಪೋಷಕರು ಅದಕ್ಕೆ ಅನುಮತಿ ಕೇಳುವ ಅವಕಾಶವನ್ನೂ ಅಲ್ಲಿನ ನಿಯಮ ಕೊಟ್ಟಿದೆ. ಕಾನೂನು ಬರುವ ಮೊದಲೇ ಮೂರು ವರ್ಷದ ಬಹುತೇಕ ಮಕ್ಕಳು ಅಲ್ಲಿ ಶಾಲೆಯಲ್ಲಿದ್ದರೆಂಬುದನ್ನೂ ಮರೆಯಬಾರದು. ವ್ಯವಸ್ಥೆ ಮೊದಲು ಬಂತು, ಕಡ್ಡಾಯ ಆಮೇಲೆ ಬಂತು. ಫಿನ್ಲೆಂಡ್‌ನಲ್ಲಂತೂ ಶಾಲೆ ಏಳಕ್ಕೆ ಆರಂಭವಾಗುತ್ತದೆ, ಅದಕ್ಕೆ ಮೊದಲಿನ ಒಂದು ವರ್ಷದ ಪೂರ್ವ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ್ದು 2015ರಲ್ಲಿ. ನಾಲ್ಕನೇ ವಯಸ್ಸಿಗೇ ಶಾಲೆ ಕಡ್ಡಾಯವಾಗಿರುವ ಉತ್ತರ ಐರ್ಲೆಂಡ್, ತರಗತಿಯಲ್ಲಿ ತೀರಾ ಚಿಕ್ಕವರಾಗುವ ಮಕ್ಕಳ ಪೋಷಕರು ಒಂದು ವರ್ಷ ತಡೆದು ಸೇರಿಸಬಹುದೆಂದು 2022ರಲ್ಲಿ ಕಾನೂನು ಮಾಡಿತು. ಬೇಗ ಆರಂಭಿಸಿದವರೇ ಕೊಂಚ ಹಿಂದೆ ಸರಿದ ಈ ಉದಾಹರಣೆಯನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

ಈಗ ನಮ್ಮ ಕಾನೂನಿಗೆ ಬರೋಣ. 2002ರ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಆರಕ್ಕಿಂತ ಚಿಕ್ಕವರ ಪಾಲನೆ ಮತ್ತು ಶಿಕ್ಷಣವನ್ನು ಸರ್ಕಾರ ಒದಗಿಸಲು ಪ್ರಯತ್ನಿಸಬೇಕೆಂದಷ್ಟೇ ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಮೂರರಿಂದ ಆರು ವರ್ಷದವರಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ಏರ್ಪಾಡನ್ನು ಸರ್ಕಾರ ‘ಮಾಡಬಹುದು’ ಎನ್ನುತ್ತದೆ, ‘ಮಾಡಲೇಬೇಕು’ ಎನ್ನುವುದಿಲ್ಲ. ಕಡ್ಡಾಯ ಎಂದೊಡನೆ ಪೋಷಕರಿಗೆ ದಂಡ ನೆನಪಾಗುತ್ತದೆ. ಆದರೆ ಈ ಕಾಯ್ದೆಯಲ್ಲಿ ಕಡ್ಡಾಯದ ಭಾರ ಮುಖ್ಯವಾಗಿ ಸರ್ಕಾರದ ಮೇಲಿದೆ. ಶಾಲೆ ಒದಗಿಸುವುದು, ಪ್ರತಿ ಮಗುವೂ ದಾಖಲಾಗಿ ಹಾಜರಾಗಿ ಎಂಟನೇ ತರಗತಿ ಮುಗಿಸುವಂತೆ ನೋಡಿಕೊಳ್ಳುವುದು ಅದರ ಹೊಣೆ. ಆದ್ದರಿಂದ ಕಡ್ಡಾಯದ ವಯಸ್ಸನ್ನು ಮೂರಕ್ಕೆ ಇಳಿಸಬೇಕೆಂಬ ವಾದಕ್ಕೆ ನನ್ನ ಪೂರ್ಣ ಸಹಮತವಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು ಈ ಕಾಯ್ದೆಯನ್ನು ಮೂರರಿಂದ ಹದಿನೆಂಟು ವರ್ಷದವರಿಗೆ ವಿಸ್ತರಿಸಬೇಕೆಂದು ಹೇಳಿತ್ತು. 2020ರ ಅಂತಿಮ ನೀತಿಯಲ್ಲಿ ಮೂರರಿಂದ ಎಂಟು ವರ್ಷದ ಬುನಾದಿ ಹಂತ ಉಳಿದುಕೊಂಡಿತು, ಹಕ್ಕು ಮಾತ್ರ ಕಾಯ್ದೆಗೆ ಸೇರಲಿಲ್ಲ.

ಕಡ್ಡಾಯದ ವಯಸ್ಸು ಇಳಿದರೆ ಅದರ ಲಾಭ ನಿಮಗಾಗಲಿ ನನಗಾಗಲಿ ಆಗುವಂಥದ್ದಲ್ಲ. ನಿಮ್ಮ ಮಗಳಿಗೆ ಯುಕೆಜಿ ಸಿಕ್ಕಿದೆ. ಬೆಂಗಳೂರಿನ ಕಟ್ಟಡ ಕಾಮಗಾರಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೆಳೆಯುವ ನಾಲ್ಕು ವರ್ಷದ ಮಗುವಿಗೆ ಹತ್ತಿರದ ಅಂಗನವಾಡಿಯೇ ಗತಿ, ಅದೂ ಇದ್ದರೆ. ಒಬ್ಬರೇ ಕಾರ್ಯಕರ್ತೆ ಪೌಷ್ಟಿಕ ಆಹಾರದ ಲೆಕ್ಕ, ತೂಕದ ದಾಖಲೆ, ಗರ್ಭಿಣಿಯರ ಭೇಟಿ ಎಲ್ಲ ಮುಗಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳಿಗೆ ಕಲಿಸಬೇಕು. ಇದನ್ನು ಸರಿಪಡಿಸದೆ ಕಾಯ್ದೆಯಲ್ಲಿ ಒಂದು ಅಂಕಿ ಬದಲಿಸಿದರೆ ಹಾಜರಿ ಪುಸ್ತಕ ತುಂಬೀತು, ಅಷ್ಟೆ.

ಒಂದನೇ ತರಗತಿಯ ವಯಸ್ಸಿನ ವಿಚಾರ ಬೇರೆ. ರಾಜ್ಯ ಸರ್ಕಾರ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶಿಸಿ, ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳ ಪೋಷಕರ ಆಕ್ಷೇಪದಿಂದ 2025-26ಕ್ಕೆ ಮುಂದೂಡಿತು. ಆ ವರ್ಷ ಬಂದಾಗ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಯುಕೆಜಿ ಮುಗಿಸಿದವರಿಗೆ, ಆ ಒಂದು ಸಾಲಿಗೆ, ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಮೇ 31ಕ್ಕೆ ಹುಟ್ಟಿದ ಮಗು ಒಳಗೆ, ಜೂನ್ 2ಕ್ಕೆ ಹುಟ್ಟಿದ್ದು ಹೊರಗೆ ಎಂಬುದು ಅನ್ಯಾಯವೆನಿಸುತ್ತದೆ, ನಿಜ. ಆದರೆ ಗಡಿಯನ್ನು ಯಾವ ದಿನಾಂಕಕ್ಕೆ ಇಟ್ಟರೂ ಅದರ ಆಚೆ ಈಚೆ ಮಕ್ಕಳಿದ್ದೇ ಇರುತ್ತಾರೆ. ತಪ್ಪು ಆಗುವುದು ಎರಡೂವರೆ ವರ್ಷಕ್ಕೇ ಪ್ರಿ-ಕೆಜಿಗೆ ಸೇರಿಸಿಕೊಳ್ಳುವಾಗ. ಅಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ, ಏಕೆಂದರೆ ಶುಲ್ಕಕ್ಕೆ ವಯಸ್ಸಿಲ್ಲ.

ಐದೂವರೆ ವರ್ಷದ ಮಗು ನಾಲ್ಕು ಗೆರೆಯ ಕಾಪಿಯಲ್ಲಿ ಬರೆಯುವುದನ್ನು ಹತ್ತಿರದಿಂದ ನೋಡಿ. ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಭುಜದ ಬಲದಿಂದ ಬರೆಯುವ ಮಕ್ಕಳು ಹಲವರು. ಎರಡನೇ ಸಾಲಿಗೇ ಕೈ ಸೋಲುತ್ತದೆ. ಆರು ತಿಂಗಳು ಕಳೆದರೆ ಅದೇ ಮಗು ಯಾರ ಗದರಿಕೆಯೂ ಇಲ್ಲದೆ ಬರೆಯುತ್ತದೆ. ತರಗತಿಯ ಅತಿ ಚಿಕ್ಕ ಮಕ್ಕಳಿಗೆ ‘ಚಂಚಲ’, ‘ಹಿಂದುಳಿದವನು’ ಎಂಬ ಹಣೆಪಟ್ಟಿ ಹೆಚ್ಚಾಗಿ ಅಂಟುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ.

ನಿಮ್ಮ ಮಗಳ ಬಗ್ಗೆ ಹೇಳುವುದಾದರೆ, ಅವಳು ಸೇರುವ ಸಾಲಿಗೆ ಅನ್ವಯಿಸುವ ಆದೇಶದ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಕಾಯಬೇಕಾಗಿ ಬಂದರೆ ಅದೇ ಪುಸ್ತಕಗಳನ್ನು ಮತ್ತೊಮ್ಮೆ ತಿರುವಿಹಾಕಿಸದೆ ಕಥೆ, ಆಟ, ಕನ್ನಡದ ಓದಿಗೆ ಹೆಚ್ಚು ಹೊತ್ತು ಕೊಡುವಂತೆ ಶಿಕ್ಷಕಿಯನ್ನು ಕೇಳಿಕೊಳ್ಳಿ. ಜನ್ಮದಿನಾಂಕ ತಿದ್ದಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಮಾತ್ರ ಕಿವಿಗೊಡಬೇಡಿ. ಶಾಲಾ ದಾಖಲೆಯ ದಿನಾಂಕವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ, ಮುಂದೆ ಪಾಸ್‌ಪೋರ್ಟಿಗೂ ಹೋಗುತ್ತದೆ.

ಪ್ರಶ್ನೆ: ನಮ್ಮ ಮನೆಗೆಲಸಕ್ಕೆ ಬರುವವರ ಮಗನಿಗೆ ಆರು ದಾಟಿದೆ. ಊರು ಯಾದಗಿರಿ ಕಡೆ. ಜನನ ಪ್ರಮಾಣಪತ್ರವಿಲ್ಲ, ಎಲ್‌ಕೆಜಿಯನ್ನೂ ಓದಿಲ್ಲ. ಸರ್ಕಾರಿ ಶಾಲೆಯಲ್ಲಿ ಸೇರಿಸಿಕೊಳ್ಳುತ್ತಾರೆಯೇ?
– ಓದುಗರು, ಹೆಬ್ಬಾಳ

ಉತ್ತರ: ಸೇರಿಸಿಕೊಳ್ಳಲೇಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ನಿಷೇಧಿಸಿದೆ. ಶಾಲಾಪೂರ್ವ ಶಿಕ್ಷಣ ಆಗಿಲ್ಲವೆಂಬುದೂ ಸರ್ಕಾರಿ ಶಾಲೆಯ ಪ್ರವೇಶಕ್ಕೆ ಅಡ್ಡಿಯಲ್ಲ. ಊರಿನ ಅಂಗನವಾಡಿಯ ದಾಖಲೆ ಅಥವಾ ಹೆರಿಗೆಯಾದ ಆಸ್ಪತ್ರೆಯ ದಾಖಲೆ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ತಾಯಿ ಬರೆದುಕೊಡುವ ಘೋಷಣೆಯ ಮೇಲೆ ಮುಖ್ಯ ಶಿಕ್ಷಕರನ್ನು ಕೇಳಿ. ಸಾಧ್ಯವಾದರೆ ಆ ತಾಯಿಯ ಜೊತೆ ನೀವೂ ಶಾಲೆಗೆ ಹೋಗಿ. ಒಬ್ಬರೇ ಹೋದಾಗ ‘ನಾಳೆ ಬನ್ನಿ’ ಎನ್ನಿಸಿಕೊಂಡು ಹಿಂದಿರುಗಿ, ಆ ನಾಳೆಯ ಕೂಲಿ ಬಿಡಲಾಗದೆ ಸುಮ್ಮನಾದ ತಾಯಂದಿರು ಈ ನಗರದಲ್ಲಿ ಬಹಳ ಮಂದಿ ಇದ್ದಾರೆ.