ಗೋಡೆ ಮೇಲಿನ ರಕ್ತ ಯಾರದು?

ಪ್ರಶ್ನೆ: ಮೊನ್ನೆ ರಾತ್ರಿ ಗೋಡೆ ಮೇಲೆ ಹೊಟ್ಟೆ ಕೆಂಪಗೆ ಉಬ್ಬಿದ್ದ ಸೊಳ್ಳೆ ಹೊಡೆದೆ. ರಕ್ತದ ಕಲೆ ಆಯಿತು. ನಮ್ಮ ಯಜಮಾನ್ರು ಅದು ತಮ್ಮದೇ ರಕ್ತ ಅಂತಾರೆ. ಪಕ್ಕದ ಕೊಟ್ಟಿಗೆ ಎಮ್ಮೇದು ಅಂತ ನಾನು. ಡಿಎನ್‌ಎ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದಾ?
— ಓದುಗರೊಬ್ಬರು, ಪಾಂಡವಪುರ

ಉತ್ತರ: ಗೊತ್ತಾಗುತ್ತದೆ ತಾಯಿ. ಎಮ್ಮೆಯೋ ಮನುಷ್ಯರೋ ಅನ್ನುವುದು ಸುಲಭ. ಯಜಮಾನರೇನಾ ಅನ್ನುವುದು ಸ್ವಲ್ಪ ಕಷ್ಟ, ಆದರೂ ಆಗುತ್ತದೆ.

ಸೊಳ್ಳೆ ಒಂದು ಸಲಕ್ಕೆ ಕುಡಿಯುವುದು ಎರಡು ಮೂರು ಮಿಲಿಗ್ರಾಂ ರಕ್ತ. ಅದರಲ್ಲಿ ಕೆಂಪು ಕಣಗಳೇ ಜಾಸ್ತಿ. ನಮ್ಮ ಕೆಂಪು ಕಣದಲ್ಲಿ ಡಿಎನ್‌ಎ ಇಟ್ಟುಕೊಳ್ಳುವ ಕೋಶಕೇಂದ್ರವೇ ಇಲ್ಲ, ಹಾಗಾಗಿ ಬಿಳಿ ಕಣಗಳನ್ನೇ ನಂಬಬೇಕು. (ಕೋಳಿಯ ಕೆಂಪು ಕಣದಲ್ಲಿ ಅದಿದೆ. ಕೋಳಿ ರಕ್ತ ಕುಡಿದ ಸೊಳ್ಳೆ ಸಿಕ್ಕರೆ ಲ್ಯಾಬಿನವರಿಗೆ ಹಬ್ಬ.) ಸಿಕ್ಕ ಚೂರನ್ನು ಪಿಸಿಆರ್‌ನಲ್ಲಿ, ಅದೇ ಕೋವಿಡ್ ಕಾಲದ ಪರೀಕ್ಷೆಯಲ್ಲಿ, ಲಕ್ಷಾಂತರ ಪ್ರತಿ ಮಾಡುತ್ತಾರೆ. ಪ್ರಾಣಿ ಯಾವುದೆಂದು ಸೈಟೋಕ್ರೋಮ್ ಬಿ ಅನ್ನುವ ಜೀನ್ ಹೇಳುತ್ತದೆ. ಆಸಾಮಿ ಯಾರೆಂದು ತಿಳಿಯಲು ಕೊಲೆ ಕೇಸುಗಳಲ್ಲಿ ನೋಡುವ ಎಸ್‌ಟಿಆರ್ ಗುರುತುಗಳೇ, ಅಂದರೆ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳೇ, ಬೇಕು. ಹೋಲಿಸಲು ಯಜಮಾನರ ಎಂಜಲೂ ಬೇಕು, ಕೊಡುತ್ತಾರಾ ಕೇಳಿ.

2017ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಸೊಳ್ಳೆ ಕಚ್ಚಿ ಎರಡು ದಿನ ಆದಮೇಲೂ ಆಳನ್ನು ಗುರುತಿಸಿ ತೋರಿಸಿದರು. ಆಮೇಲೆ ಎಲ್ಲಾ ಜೀರ್ಣ. ಫಿನ್ಲೆಂಡಿನಲ್ಲಿ 2008ರಲ್ಲಿ ಕಳುವಾದ ಕಾರಿನೊಳಗೆ ಸಿಕ್ಕ ಸೊಳ್ಳೆಯ ಹೊಟ್ಟೆಯಿಂದ ಪೊಲೀಸರು ಶಂಕಿತನೊಬ್ಬನನ್ನು ಪತ್ತೆ ಮಾಡಿದ್ದರು.

ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಾಗ ಹುಡುಗರನ್ನು ನಿಮ್ಮ ಕಡೆಯ ಕೊಟ್ಟಿಗೆಗಳಿಗೇ ಕರೆದುಕೊಂಡು ಬರುತ್ತಿದ್ದೆ. ಬೆಳಗಿನ ಜಾವ, ಕೈಯಲ್ಲಿ ಟಾರ್ಚು, ಬಾಯಲ್ಲಿ ಗಾಜಿನ ಕೊಳವೆ. ಸೊಳ್ಳೆಯನ್ನು ಉಸಿರಿನಿಂದ ಎಳೆದು ಹಿಡಿಯಬೇಕು. ಕೊಳವೆಗೆ ಬಲೆ ಬಟ್ಟೆ ಕಟ್ಟುವುದು ಮರೆತ ಒಬ್ಬ ಸೊಳ್ಳೆಯನ್ನೇ ನುಂಗಿಬಿಟ್ಟ. ಆ ದಿನ ಯಾರೂ ತಿಂಡಿ ತಿನ್ನಲಿಲ್ಲ!

ಯಾರ ರಕ್ತ ಅನ್ನುವುದು ಸುಮ್ನೆ ಕುತೂಹಲವಲ್ಲ. ಮಿದುಳು ಜ್ವರ ಹರಡುವ ಗದ್ದೆಯ ಕ್ಯೂಲೆಕ್ಸ್ ಸೊಳ್ಳೆಗೆ ದನ ಎಮ್ಮೆ ಅಂದರೆ ಪ್ರೀತಿ. ಅವುಗಳಿಂದ ಆ ವೈರಸ್ ಮುಂದಕ್ಕೆ ಹೋಗುವುದಿಲ್ಲ, ಹಂದಿಯಿಂದ ಹೋಗುತ್ತದೆ. ಹಾಗಾಗಿ ಸೊಳ್ಳೆ ಹೊಟ್ಟೆಯಲ್ಲಿ ಹಂದಿ ರಕ್ತ ಕಂಡರೆ ಎಚ್ಚರವಾಗಬೇಕು.

ನಾಲೆ ಬಯಲಿನ ಊರು ನಿಮ್ಮದು, ನಿಮ್ಮ ಎಮ್ಮೆ ಪರವಾಗಿಯೇ ನಾನು ಪಣ ಕಟ್ಟುತ್ತೇನೆ. ಆದರೆ ಡೆಂಗಿ ಹರಡುವ ಈಡಿಸ್ ಆಗಿದ್ದರೆ ಕಥೆ ಬೇರೆ. ಅದು ಒಂದೇ ಹೊತ್ತಿನ ಊಟಕ್ಕೆ ನಾಲ್ಕು ಜನರನ್ನು ಕಚ್ಚಬಲ್ಲದು. ಆಗ ಆ ಕಲೆಯಲ್ಲಿ ನೀವೂ ಇರಬಹುದು, ಯಜಮಾನರೂ ಇರಬಹುದು.

ಹೊಡೆದು ಕೊಂದದ್ದು ಒಳ್ಳೆಯದೇ ಆಯಿತು. ಜೀರ್ಣ ಅಲ್ಲಿಗೇ ನಿಂತಿತು, ಒಣಗಿದ ಕಲೆಯಲ್ಲಿ ಡಿಎನ್‌ಎ ಉಳಿದಿರುತ್ತದೆ. ಅಷ್ಟರಲ್ಲಿ ಹಬ್ಬಕ್ಕೆ ಸುಣ್ಣ ಬಳಿಸಿಬಿಟ್ಟಿದ್ದರೆ ಮಾತ್ರ ನಾನೇನೂ ಮಾಡಲಾರೆ.